ಕೈಗೆ ಕೊಡದ ಚಾಕು

ಹಳೆಯ ಚಾಕು ಕೊಳ್ಳುವವರಿಗೆ ನಾನು ಹೇಳುವುದು ಒಂದೇ ಮಾತು. ಹರಿತ ನೋಡಬೇಡಿ. ಹರಿತವನ್ನು ಯಾರು ಬೇಕಾದರೂ ಮಾಡಿಕೊಡುತ್ತಾರೆ, ನಾಲ್ಕು ದಿನ ತರಕಾರಿ ಹೆಚ್ಚಿದರೆ ಅದು ಹೋಗಿಯೂ ಬಿಡುತ್ತದೆ. ಚಾಕುವನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೆರೆ ನೋಡಿ. ಅಲಗಿನ ಬೆನ್ನಿನ ಕಡೆಯ ಸಪಾಟು ಮುಗಿದು ಬಾಯಿಯ ಕಡೆಗೆ ಇಳಿಜಾರು ಶುರುವಾಗುವಲ್ಲಿ, ಹಿಡಿಯಿಂದ ತುದಿಯವರೆಗೆ ಒಂದು ಗೆರೆ ಓಡುತ್ತದೆ. ಮಾಡಿದವನ ಕೈ ಹೇಗಿತ್ತು ಎನ್ನುವುದು ಅಲ್ಲಿ ಕಾಣುತ್ತದೆ.

ಇದನ್ನು ನನಗೆ ಕಲಿಸಿದವರು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ನಾನು ಅವರನ್ನು ಭಾವ ಎಂದೇ ಕರೆಯುತ್ತಿದ್ದೆ. ಇಲ್ಲಿ ಬರೆಯುತ್ತಿರುವುದು ಅವರ ಬಲಗೈಯ ವಿಚಾರ. ಆ ಕೈ ಹೋಗುತ್ತಿದೆ ಎಂದು ಗೆರೆ ಬಹಳ ಮೊದಲೇ ಹೇಳುತ್ತಿತ್ತು. ಗೆರೆ ಓದಲು ಕಲಿತಿದ್ದ ನನಗೆ ಅದು ಮಷಿನ್ನಿನ ದೋಷದ ಹಾಗೆ ಕಂಡಿತು.

ನಾನು ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಅಟ್ಲಾಂಟಾ ಕಡೆಯ ಕನ್ನಡದವರ ಊಟಕ್ಕೆ ಹೋದರೆ ‘ಯಾವ ಕಂಪನಿ?’ ಎಂದು ಕೇಳುವವರು ಬಹಳ. ‘ನಂದೇ’ ಎನ್ನುತ್ತಿದ್ದೆ. ಕಂಪನಿ ಎಂದರೆ ಲಾರೆನ್ಸ್‌ವಿಲ್ ಹತ್ತಿರದ ಫ್ಲೀ ಮಾರ್ಕೆಟ್ಟಿನಲ್ಲಿ ಎರಡು ಮೇಜು, ಒಂದು ಹಳೆಯ ವ್ಯಾನು. ಹರಾಜಾದ ಮನೆಗಳ ಸಾಮಾನು ತಂದು ಉಜ್ಜಿ ಮಾರುತ್ತಿದ್ದೆ. ಒಂದು ದಿನ ಜಿಂಕೆಯ ಚರ್ಮದ ಅಂಗಿ ತೊಟ್ಟ ಗಡ್ಡದವನೊಬ್ಬ ಬಂದು, ಉಜ್ಜುವುದಕ್ಕೂ ಬೇಸರವಾಗಿ ಹಾಗೇ ಬಿಸಾಕಿದ್ದ ಒಂದು ಕಪ್ಪು ಚಾಕುವನ್ನು ಎತ್ತಿಕೊಂಡ. ಹೇಳಿದ ಬೆಲೆ ಕೊಟ್ಟ. ಗಿರಾಕಿ ಚೌಕಾಸಿ ಮಾಡದೆ ಕೊಂಡರೆ ಮಾಲನ್ನು ಮರೆತು ಆ ಮನುಷ್ಯನ ಹಿಂದೆ ಹೋಗಬೇಕು. ವ್ಯಾಪಾರ ಕಲಿಯುವವರು ಇದನ್ನು ಬರೆದಿಟ್ಟುಕೊಳ್ಳಬಹುದು. ನಾನು ಅವನಿಗೆ ಕಾಫಿ ಕೊಡಿಸಿ ಕೂರಿಸಿಕೊಂಡೆ.

ಇನ್ನೂರು ವರ್ಷದ ಹಿಂದೆ ಬಿಳಿಯ ವ್ಯಾಪಾರಿಗಳು ಚಾಕು, ಕಂಬಳಿ, ತಾಮ್ರದ ಪಾತ್ರೆ ಹೊತ್ತುಕೊಂಡು ಕಾಡಿಗೆ ಹೋಗಿ, ಅಲ್ಲಿನ ಜನಕ್ಕೆ ಕೊಟ್ಟು, ಬದಲಿಗೆ ಬೀವರ್ ಎನ್ನುವ ಹೊಳೆಪ್ರಾಣಿಯ ಮತ್ತು ಜಿಂಕೆಯ ತೊಗಲು ತರುತ್ತಿದ್ದರಂತೆ. ಆ ಕಾಲವನ್ನು ಮತ್ತೆ ಆಡಿ ನೋಡುವ ಮಂದಿ ಇದ್ದಾರೆ. ಕೆರೊಲಿನಾದ ಬೆಟ್ಟಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಡೇರೆ ಹಾಕಿ ಸೇರುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಕಾಣಬಾರದು, ಟಾರ್ಚು ಹಚ್ಚಬಾರದು. ಸೊಂಟದ ಚಾಕು ಕೂಡ ಆ ಕಾಲದ್ದರ ಹಾಗೇ ಇರಬೇಕು. ಅಸಲಿ ಚಾಕು ಸಿಗುವುದಿಲ್ಲ, ಸಿಕ್ಕರೂ ಅದರಲ್ಲಿ ಮಾಂಸ ಕೊಯ್ಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹೊಸದಾಗಿ ಮಾಡಿದ್ದು, ಹಳೆಯದರಂತೆ ಕಾಣುವುದು ಅವರಿಗೆ ಬೇಕಿತ್ತು.

ಭಾವ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಬಟ್ಟೆ ಗಿರಣಿಯ ಯಂತ್ರಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದವರು. ಗಿರಣಿಗಳು ಒಂದೊಂದೇ ಮುಚ್ಚಿದಾಗ ಕಾರ್ಖಾನೆ ಅವರನ್ನೂ ಮನೆಗೆ ಕಳಿಸಿತು. ಎಲ್ಲಿ ಅಪ್ಲೈ ಮಾಡಿದರೂ ನಿಮ್ಮ ಅನುಭವ ಜಾಸ್ತಿಯಾಯಿತು ಎನ್ನುತ್ತಿದ್ದರು. ಅಕ್ಕ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದರಿಂದ ಮನೆ ನಡೆಯುತ್ತಿತ್ತು. ಭಾವ ಗರಾಜಿನಲ್ಲಿ ಕೂತು, ಕೆಟ್ಟಿರದ ಲಾನ್ ಮೋವರನ್ನು ಬಿಚ್ಚಿ ಜೋಡಿಸುತ್ತಿದ್ದರು. ನಾನು ಆ ಗಡ್ಡದವನಿಂದ ಒಂದು ಚಾಕು ಎರವಲು ತಂದು ಅವರ ಮುಂದೆ ಇಟ್ಟೆ.

‘ಇಂಥದ್ದು ಮಾಡಕ್ಕಾಗತ್ತಾ ಭಾವ?’

ಅವರು ಅದನ್ನು ಕಿಟಕಿಗೆ ಓರೆಯಾಗಿ ಹಿಡಿದು ನೋಡಿದರು. ‘ಮಾಡಿದವನು ಅರ್ಜೆಂಟಲ್ಲಿ ಇದ್ದ,’ ಅಂದರು. ಗೆರೆ ಎನ್ನುವುದೊಂದಿದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಉಕ್ಕನ್ನು ದುಡ್ಡು ಕೊಟ್ಟು ಕೊಂಡರೆ ಈ ಕಸುಬಿನಲ್ಲಿ ಏನೂ ಉಳಿಯುವುದಿಲ್ಲ. ಮುಚ್ಚಿದ ಮರದ ಮಿಲ್ಲುಗಳಲ್ಲಿ ಗರಗಸದ ಅಗಲ ಪಟ್ಟಿಗಳು ಬಿದ್ದಿರುತ್ತವೆ, ರೈತರ ಹರಾಜಿನಲ್ಲಿ ಸವೆದ ಅರಗಳು, ಅಂದರೆ ಕಬ್ಬಿಣ ಉಜ್ಜುವ ಹತಾರಗಳು, ಡಬ್ಬಗಟ್ಟಲೆ ಸಿಗುತ್ತವೆ. ತರುವುದು ನನ್ನ ಕೆಲಸ. ಭಾವ ಅದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ನಿಧಾನವಾಗಿ ಆರಿಸಿ ಮೆತ್ತಗೆ ಮಾಡುತ್ತಿದ್ದರು. ಆಕಾರಕ್ಕೆ ಕತ್ತರಿಸಿ, ಸಾಣೆ ಮಷಿನ್ನಿನಲ್ಲಿ ಓಡುವ ಬೆಲ್ಟಿಗೆ ಕೈಯಲ್ಲೇ ಹಿಡಿದು ಇಳಿಜಾರು ತೆಗೆಯುತ್ತಿದ್ದರು. ಗೆರೆ ಹುಟ್ಟುವುದು ಆಗಲೇ. ಆಮೇಲೆ ಮತ್ತೆ ಕಾಯಿಸಿ, ಅಯಸ್ಕಾಂತಕ್ಕೆ ಅಂಟದಷ್ಟು ಕಾದಾಗ ಎಣ್ಣೆಯಲ್ಲಿ ಅದ್ದಿ, ಕೊನೆಗೆ ಒಣಹುಲ್ಲಿನ ಬಣ್ಣ ಬರುವ ತನಕ ಅಕ್ಕನ ಅಡುಗೆಮನೆಯ ಓವನ್‌ನಲ್ಲಿ ಇಡುತ್ತಿದ್ದರು.

‘ಈ ಓವನ್‌ನಲ್ಲಿ ನಾನು ಇದುವರೆಗೂ ಮೊಟ್ಟೆ ಹಾಕಿದ ಕೇಕ್ ಮಾಡಿಲ್ಲ,’ ಅಂದರು ಅಕ್ಕ. ‘ಈಗ ನೋಡಿದ್ರೆ ಚೂರಿ ಬೇಯ್ತಾ ಇದೆ.’

‘ಚೂರಿ ಪ್ಯೂರ್ ವೆಜ್ ಕಣೆ,’ ಅಂದರು ಭಾವ. ‘ಅದಕ್ಕೇ ಮೂಳೆಯ ಹಿಡಿ ಬೇಡ ಅಂದಿದ್ದು. ಮರದ್ದೇ ಹಾಕ್ತೀನಿ.’

‘ತಗೊಂಡೋರು ಅದರಲ್ಲಿ ಬದನೇಕಾಯಿ ಹೆಚ್ತಾರಲ್ಲ, ಪಾಪ.’

ಹೊಳಪನ್ನು ಕೊಲ್ಲುವ ಉಪಾಯ ಮಾತ್ರ ನನ್ನದು. ಬೇರೆಯವರು ವಿನಿಗರ್, ಸಾಸಿವೆ ಎಂದು ಏನೇನೋ ಬಳಿಯುತ್ತಿದ್ದರು. ನಾನು ನಾರ್‌ಕ್ರಾಸಿನ ಇಂಡಿಯನ್ ಅಂಗಡಿಯಿಂದ ಹುಣಸೆಹಣ್ಣು ತಂದೆ. ಊರಲ್ಲಿ ಹಿತ್ತಾಳೆ ಬೆಳಗುವ ಹುಣಸೆಹಣ್ಣು ಈ ಉಕ್ಕಿನ ಮೇಲೆ ಬಿದ್ದರೆ ಮೋಡ ಕವಿದಂತೆ ಕಪ್ಪಾಗಿಸುತ್ತದೆ. ಒಂದು ರಾತ್ರಿ ಮೆತ್ತಿಟ್ಟರೆ ನೂರು ವರ್ಷ ವಯಸ್ಸಾಗುತ್ತದೆ.

ಭಾವನ ಗೆರೆ ದಾರ ಎಳೆದು ಬರೆದಂತಿತ್ತು. ವಾಷಿಂಗ್ಟನ್‌ನಲ್ಲಿ ಮದುವೆಯೊಂದಕ್ಕೆ ಹೋಗಿದ್ದಾಗ ನನ್ನನ್ನು ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದರು. ಗಾಜಿನ ಹಿಂದೆ ಆ ಕಾಲದ ಅಸಲಿ ಚಾಕುಗಳಿದ್ದವು. ಹಣೆಯನ್ನು ಗಾಜಿಗೆ ಒತ್ತಿಕೊಂಡು ಎಷ್ಟು ಹೊತ್ತು ನಿಂತರೆಂದರೆ ಕಾವಲಿನವನು ಬಂದು ಕೆಮ್ಮಿದ. ‘ನೋಡು, ಅಷ್ಟು ತುಕ್ಕು ತಿಂದಿದ್ರೂ ಗೆರೆ ನೆಟ್ಟಗಿದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಡಜನ್‌ಗಟ್ಟಲೆ ಮಾಡಿ ಹಡಗಿಗೆ ತುಂಬ್ತಿದ್ರು. ಕೆಲಸದೋರ ಕೈ ಅದು,’ ಅಂದರು. ಕೆಲಸ ಹೋದ ಮೇಲೆ ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಕಂಡಿರಲಿಲ್ಲ. ಅವರಿಗೆ ಉಳಿದಿದ್ದದ್ದು ಅದೊಂದು. ಕೈ ಹೇಳಿದ ಮಾತು ಕೇಳುತ್ತದೆ ಎನ್ನುವ ಧೈರ್ಯ.

ನಮ್ಮ ಮನೆಗಳಲ್ಲಿ ಚಾಕು, ಕತ್ತರಿ, ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದೆ. ಕೆಳಗೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಭಾವ ಇದಕ್ಕೆಲ್ಲ ನಗುತ್ತಿದ್ದವರು. ಮೊದಮೊದಲು ಚಾಕುವನ್ನು ನೇರವಾಗಿ ನನ್ನ ಕೈಗೇ ಕೊಟ್ಟು, ‘ಬಾ, ಜಗಳ ಆಡೋಣ,’ ಎನ್ನುತ್ತಿದ್ದರು. ಒಂದೆರಡು ವರ್ಷವಾದ ಮೇಲೆ ಮೇಜಿನ ಮೇಲಿಟ್ಟು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳತೊಡಗಿದರು. ಕೆಲಸ ಕಳೆದುಕೊಂಡವರಿಗೆ ಶಾಸ್ತ್ರದ ಮೇಲೆ ನಂಬಿಕೆ ಬರುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಇವರಿಗೂ ಬಂದಿದೆ ಎಂದುಕೊಂಡೆ. ಆಯುಧಪೂಜೆಯ ದಿನ ಮಷಿನ್ನಿಗೆ ಕುಂಕುಮ ಹಚ್ಚಿ, ಬಾಳೆಹಣ್ಣು ಇಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಾಗ ನನಗೆ ಖಾತ್ರಿಯೇ ಆಯಿತು.

ಅದೇ ಸುಮಾರಿಗೆ ಅವರು ಸಾರನ್ನವನ್ನು ಚಮಚದಲ್ಲಿ ತಿನ್ನಲು ಶುರುಮಾಡಿದ್ದರು. ‘ಪಕ್ಕಾ ಅಮೆರಿಕನ್ ಆಗ್ಬಿಟ್ರಿ ಭಾವ,’ ಎಂದು ನಾನು ಎಲ್ಲರ ಮುಂದೆ ರೇಗಿಸಿದ್ದೇನೆ. ಅವರು ನಕ್ಕರು. ಕಾಫಿಯನ್ನು ಲೋಟದ ಅರ್ಧಕ್ಕಿಂತ ಮೇಲೆ ಹಾಕಬೇಡ ಎಂದು ಅಕ್ಕನಿಗೆ ಹೇಳಿದ್ದರು. ಶುಗರ್ ಇರಬೇಕು ಎಂದುಕೊಂಡೆವು. ಒಂದೇ ಮನುಷ್ಯ ಒಂದು ಕಡೆ ಮಡಿವಂತ, ಇನ್ನೊಂದು ಕಡೆ ದೊರೆ ಹೇಗಾಗುತ್ತಾನೆ ಎಂದು ನನಗೆ ಹೊಳೆಯಲಿಲ್ಲ.

ಗೆರೆ ಅಲೆಯಾಗಿದ್ದನ್ನು ಮಾತ್ರ ತಕ್ಷಣ ಕಂಡೆ. ಒಂದು ಕಂತಿನಲ್ಲಿ ಮೂರು ನಾಲ್ಕು ಚಾಕುಗಳು ನೀರಿನ ಮೇಲೆ ಗಾಳಿ ಬೀಸಿದ ಹಾಗೆ ಕಾಣುತ್ತಿದ್ದವು.

‘ಮಷಿನ್ನಿನ ಬೇರಿಂಗ್ ಹೋಗಿದೆಯಾ ಭಾವ?’

ಅವರು ಚಾಕು ನೋಡಿದರು, ಮಷಿನ್ ನೋಡಿದರು. ‘ಹೂಂ. ಇರಬಹುದು.’

ಉತ್ತರ ಕೆರೊಲಿನಾದಲ್ಲಿ ಮುಚ್ಚುತ್ತಿದ್ದ ಪೀಠೋಪಕರಣದ ಕಾರ್ಖಾನೆಯೊಂದರಿಂದ ನಾನು ಅದಕ್ಕಿಂತ ಒಳ್ಳೆಯ ಮಷಿನ್ ತಂದೆ. ಬಾಗಿಲು ಹಾಕುವ ಅವಸರದಲ್ಲಿರುವವರ ಹತ್ತಿರ ಮಧ್ಯಾಹ್ನದ ಮೇಲೆ ಹೋಗಬೇಕು, ಆಗ ಕೇಳಿದ ಬೆಲೆಗೆ ತಲೆಯಾಡಿಸುತ್ತಾರೆ. ಹಳೆಯದನ್ನು ವ್ಯಾನಿಗೆ ಏರಿಸಿ ಮನೆಗೆ ತಂದು ಚಕ್ರ ತಿರುಗಿಸಿ ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು, ಸದ್ದೇ ಇಲ್ಲ. ಕಾದಾಗ ಮಾತ್ರ ತೊಂದರೆ ಕೊಡುತ್ತದೇನೋ ಎಂದುಕೊಂಡು ಮಾರಿಬಿಟ್ಟೆ.

ಹೊಸ ಮಷಿನ್ನಿನಲ್ಲೂ ಅಲೆ ನಿಲ್ಲಲಿಲ್ಲ. ಆದರೆ ಅಷ್ಟರಲ್ಲಿ ನನಗೆ ಬೇರೆಯದೇ ಒಂದು ಕಂಡಿತ್ತು. ಡೇರೆಗಳ ಸಂತೆಯಲ್ಲಿ ಕಂಬಳಿ ಹಾಸಿ ಚಾಕುಗಳನ್ನಿಟ್ಟರೆ ಜನ ಅಲೆಯ ಗೆರೆಯದನ್ನೇ ಮೊದಲು ಎತ್ತುತ್ತಿದ್ದರು. ‘ಇದು ಕೈಯಲ್ಲಿ ಮಾಡಿದ್ದು, ನೋಡಿ,’ ಎಂದು ಹೆಂಡತಿಗೆ ತೋರಿಸುತ್ತಿದ್ದರು. ನೆಟ್ಟಗಿನದನ್ನು ತಿರುಗಿಸಿ ನೋಡಿ ಕೆಳಗಿಡುತ್ತಿದ್ದರು. ನಾನು ಬೆಲೆಯನ್ನು ಅದಕ್ಕೆ ತಕ್ಕ ಹಾಗೆ ಬದಲಾಯಿಸಿದೆ. ಮುಂದಿನ ಸಲ ಗ್ರೀನ್‌ವಿಲ್‌ಗೆ ಹೋದಾಗ ಉತ್ಸಾಹದಲ್ಲಿ ಹೇಳಿದೆ.

‘ಎಲ್ಲವನ್ನೂ ಇದೇ ಥರ ಮಾಡಿ ಭಾವ. ಗೆರೆ ಸ್ವಲ್ಪ ಹಾಳು ಮಾಡಿ. ಅವರಿಗೆ ಅದೇ ಬೇಕು.’

‘ಹಾಳು ಮಾಡ್ಲಾ?’

‘ನೆಟ್ಟಗಿದ್ರೆ ಫ್ಯಾಕ್ಟರಿದು ಅಂತಾರೆ.’

‘ಅಸಲಿ ಎಲ್ಲ ಫ್ಯಾಕ್ಟರಿದೇ ಕಣಯ್ಯ. ನೀನೇ ಮ್ಯೂಸಿಯಮ್‌ನಲ್ಲಿ ನೋಡಿದ್ಯಲ್ಲ.’

‘ಗಿರಾಕಿ ಮ್ಯೂಸಿಯಮ್ಮಿಗೆ ಹೋಗಲ್ಲ, ನನ್ನ ಕಂಬಳಿಗೆ ಬರ್ತಾನೆ.’

ಅವರು ಮಷಿನ್ನಿನ ಕಡೆಗೆ ತಿರುಗಿ ಬೆಲ್ಟಿನ ಮೇಲಿನ ಧೂಳು ಕೊಡವಿದರು. ಕೊಡವುವುದು ಮುಗಿದ ಮೇಲೂ ಕೊಡವುತ್ತಿದ್ದರು. ‘ಆಯ್ತು. ಹಾಳಾಗೋದು ಕಷ್ಟ ಏನಿಲ್ಲ,’ ಅಂದರು.

ಆ ಶರತ್ಕಾಲದಲ್ಲಿ ಅವರೂ ಸಂತೆಗೆ ಬಂದರು. ‘ಯಾರು ತಗೋತಾರೆ ನೋಡ್ಬೇಕು,’ ಅಂದಿದ್ದರು. ಕಂಬಳಿಯ ಹಿಂದೆ ಮರದ ದಿಮ್ಮಿಯ ಮೇಲೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಚಳಿ ಇತ್ತು, ಹಾಗಾಗಿ ಅದೂ ನನಗೆ ವಿಶೇಷ ಅನ್ನಿಸಲಿಲ್ಲ. ನಾನು ಪಕ್ಕದ ಡೇರೆಯವನ ಹತ್ತಿರ ಒಂದು ತಾಮ್ರದ ಕೆಟಲ್ಲಿನ ಬೆಲೆ ಇಳಿಸುತ್ತಿದ್ದಾಗ ಬಿಳಿಯ ಮೀಸೆಯ ಮುದುಕನೊಬ್ಬ ಬಂದು ನಮ್ಮ ಕಂಬಳಿಯ ಮುಂದೆ ನಿಂತ. ಮಂಡಿ ನೋವಿನವನು, ಬಗ್ಗಲಾರ. ಆ ಕೊನೆಯದು ಕೊಡಿ ಎಂದು ಬೆರಳು ತೋರಿಸಿ ಅಂಗೈ ಚಾಚಿದ.

ಭಾವ ಚಾಕುವನ್ನು ಎತ್ತಿ ಕಂಬಳಿಯ ಆಚೆ ತುದಿಗೆ, ಅವನ ಕಾಲಿನ ಹತ್ತಿರ ಇಟ್ಟರು. ಮುದುಕ ನಕ್ಕ. ‘ಅಷ್ಟು ಕೆಳಗೆ ಹೋಗೋಕಾಗಲ್ಲ ಸರ್,’ ಎಂದು ಚಾಚಿದ ಅಂಗೈಯನ್ನು ಹಾಗೇ ಹಿಡಿದಿದ್ದ. ಬೇರೆ ದಾರಿ ಇರಲಿಲ್ಲ. ಭಾವ ಎದ್ದು, ಚಾಕುವನ್ನು ತೆಗೆದುಕೊಂಡು, ಹಿಡಿಯನ್ನು ಅವನ ಕಡೆಗೆ ಮಾಡಿ ಚಾಚಿದರು.

ಚಾಕು ಗಾಳಿಯಲ್ಲಿ ಕುಣಿಯತೊಡಗಿತು. ಹಿಡಿ ಮುದುಕನ ಅಂಗೈಗೆ ತಾಗುತ್ತದೆ, ಜಾರುತ್ತದೆ, ಮತ್ತೆ ತಾಗುತ್ತದೆ. ಭಾವನ ಮುಖದಲ್ಲಿ ಬೆವರು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡರೆ ಎರಡೂ ಕೂಡಿ ನಡುಗಿದವು. ಮುದುಕ ಇನ್ನೊಂದು ಕೈಯನ್ನು ತಂದು ಭಾವನ ಮುಷ್ಟಿಯನ್ನು ಮೆಲ್ಲಗೆ ಮುಚ್ಚಿದ. ‘ಟೇಕ್ ಯುವರ್ ಟೈಮ್, ಸರ್. ನಮ್ಮಪ್ಪನಿಗೂ ಹೀಗೇ ಇತ್ತು,’ ಅಂದ. ಆಮೇಲೆ ಚಾಕುವನ್ನು ಬಿಸಿಲಿಗೆ ಹಿಡಿದು ಗೆರೆ ನೋಡಿದ, ಭಾವನ ಕೈಯನ್ನು ನೋಡಿದ, ಮತ್ತೆ ಗೆರೆ ನೋಡಿದ. ದುಡ್ಡು ಕೊಟ್ಟು ಹೋದ.

ನಾನು ಕೆಟಲ್ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಬೆಟ್ಟ ಇಳಿದು ಹೈವೇ ಸಿಕ್ಕ ಮೇಲೆ ಕೇಳಿದೆ.

‘ಯಾವಾಗಿಂದ ಭಾವ?’

‘ನೀನು ಹೊಸ ಮಷಿನ್ ತಂದ್ಯಲ್ಲ. ಅದಕ್ಕೂ ಮುಂಚೆಯಿಂದ.’

‘ಬೇರಿಂಗ್ ಅಂದಿದ್ದಕ್ಕೆ ಹೂಂ ಅಂದ್ರಿ.’

‘ಬೇರಿಂಗ್ ಆಗಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು. ಅದಕ್ಕೆ ಅಂದೆ.’

ಅವರು ಷಾರ್ಲೆಟ್‌ನಲ್ಲಿ ಯಾರೋ ಗುರುತಿಲ್ಲದ ಡಾಕ್ಟರಿಗೆ ತೋರಿಸಿದ್ದರು. ನರದ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ಹೊತ್ತು ತಡೆಯಬಹುದು, ಹಿಂದಕ್ಕೆ ಹೋಗುವುದಿಲ್ಲ ಎಂದು ಅವನು ಹೇಳಿದ್ದ. ಅಕ್ಕನಿಗೆ ಗೊತ್ತಿತ್ತು. ಹೇಳಬಾರದು ಎಂದು ಭಾಷೆ ತೆಗೆದುಕೊಂಡಿದ್ದರು.

‘ಅಟ್ಲಾಂಟಾದಲ್ಲಿ ನಮ್ಮೋರೇ ಎಷ್ಟು ದೊಡ್ಡ ಡಾಕ್ಟರ್ಸ್ ಇದ್ದಾರೆ ಭಾವ.’

‘ಅದಕ್ಕೇ ಹೋಗ್ಲಿಲ್ಲ. ಯುಗಾದಿ ಪಾಟ್‌ಲಕ್ ಊಟದಲ್ಲಿ ಪ್ರತಿಯೊಬ್ಬರೂ ನನ್ನ ತಟ್ಟೆ ನೋಡ್ತಾ ನಿಂತಿರ್ತಾರೆ. ನಾಳೆ ಯಾವನಾದ್ರೂ ಇಂಟರ್‌ವ್ಯೂಗೆ ಕರೀಬೇಕು ಅಂದ್ಕೊಂಡಿದ್ರೂ ಕರಿಯಲ್ಲ.’

ನಾನು ನನಗೆ ಬರುವುದನ್ನು ಮಾಡಿದೆ. ಬೇರೆ ಡಾಕ್ಟರ್, ಬೆಂಗಳೂರಿನ ಆಯುರ್ವೇದ, ಕೈಗೆ ಆಧಾರ ಕೊಡುವ ಕಟ್ಟು, ಚಾಕುವನ್ನು ಹಿಡಿದು ನಿಲ್ಲಿಸುವ ಕ್ಲಾಂಪ್ ಎಂದು ಒಂದರ ಮೇಲೊಂದು ಹೇಳುತ್ತಾ ಹೋದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

‘ಯಾರ ಹತ್ರ ಚೌಕಾಸಿ ಮಾಡ್ತಿದೀಯ?’ ಅಂದರು. ಆಮೇಲೆ, ‘ಅಲೆ ಇರೋವು ಜಾಸ್ತಿಗೆ ಹೋಗ್ತಿದ್ವು ಅಲ್ವಾ?’

‘ಹೂಂ.’

‘ಹಾಗಾದ್ರೆ ಮುಂದಿನ ವರ್ಷ ಇನ್ನೂ ಜಾಸ್ತಿ ಬರತ್ತೆ.’ ನಗುವ ಸರದಿ ಅವರದಾಗಿತ್ತು, ನಕ್ಕರು. ನಾನು ರಸ್ತೆ ನೋಡಿದೆ.

ಆ ಚಳಿಗಾಲ ಅವರು ಮಾಡಿದ್ದು ಒಂದೇ ಚಾಕು. ‘ಒಂದು ನೆಟ್ಟಗಿನದು ಮಾಡಿ ನಿಲ್ಲಿಸ್ತೀನಿ,’ ಎಂದು ಅಕ್ಕನಿಗೆ ಹೇಳಿದ್ದರಂತೆ. ಮಷಿನ್ ಮುಟ್ಟಲಿಲ್ಲ. ಗರಗಸದ ತುಂಡನ್ನು ಮೇಜಿಗೆ ಜೋಡಿಸಿದ ತಿರುಪಿನ ಇಕ್ಕಳಕ್ಕೆ ಬಿಗಿದು, ಅರದಿಂದಲೇ ಉಜ್ಜಿದರು. ಮಾತ್ರೆ ನುಂಗಿ ಕಾಯುವುದು, ಕೈ ಸುಮ್ಮನಾದಾಗ ಬಲಗೈಯ ಮೇಲೆ ಎಡಗೈ ಇಟ್ಟು ಒಂದಿಷ್ಟು ಎಳೆಯುವುದು, ಕೈ ಮತ್ತೆ ಶುರುಮಾಡಿದ ಕೂಡಲೇ ಅರವನ್ನು ಕೆಳಗಿಟ್ಟುಬಿಡುವುದು. ಎಷ್ಟೋ ದಿನ ಮಾತ್ರೆ ಕೆಲಸ ಮಾಡುತ್ತಿರಲಿಲ್ಲ. ನಾನು ಭಾನುವಾರ ಹೋದರೆ ಅವರು ಕುರ್ಚಿಯಲ್ಲಿ ಕೂತು ಆ ಅರೆಬರೆ ಅಲಗನ್ನೇ ನೋಡುತ್ತಿರುತ್ತಿದ್ದರು. ಒಮ್ಮೆ ನಾನು ಸಹಾಯಕ್ಕೆಂದು ಅರ ಎತ್ತಿಕೊಂಡೆ. ‘ಮುಟ್ಟಬೇಡ,’ ಅಂದ ದನಿಗೆ ಒಳಗಿದ್ದ ಅಕ್ಕ ಬಾಗಿಲಿಗೆ ಬಂದು ನೋಡಿದರು.

ವಸಂತದಲ್ಲಿ ಅದು ಮುಗಿಯಿತು. ಮೊದಲ ವರ್ಷದ ಚಾಕುಗಳಿಗಿಂತ ಇದರ ಗೆರೆ ನೆಟ್ಟಗಿತ್ತು. ನಾನು ನೋಡಿದ ಎಷ್ಟೋ ಗೆರೆಗಳಲ್ಲಿ ಅಂಥದ್ದು ಇಲ್ಲ. ಸಂತೆಗೆ ಒಯ್ದು ಕಂಬಳಿಯ ನಡುವೆ ಒಂದನ್ನೇ ಇಟ್ಟೆ. ಜನ ಎತ್ತಿದರು, ತಿರುಗಿಸಿದರು, ಇಟ್ಟರು. ಬಿಳಿಯ ಮೀಸೆಯ ಮುದುಕನೂ ಬಂದ, ಬಿಸಿಲಿಗೆ ಹಿಡಿದ. ‘ಇದು ಅವರದಲ್ಲ. ಮಷಿನ್‌ನದು,’ ಅಂದ. ಇಲ್ಲ, ಅವರದೇ ಎಂದೆ. ನನಗೆ ಬೇಸರವಾಗಬಾರದೆಂದು ತಲೆಯಾಡಿಸಿ, ಭಾವನಿಗೆ ನಮಸ್ಕಾರ ತಿಳಿಸಲು ಹೇಳಿ ಹೋದ. ಸಂಜೆ ಒಬ್ಬ ಅರ್ಧ ಬೆಲೆಗೆ ಕೇಳಿದ. ಮಾಲನ್ನು ಮನೆಗೆ ವಾಪಸು ಒಯ್ಯುವುದಕ್ಕಿಂತ ಅರ್ಧ ಬೆಲೆ ವಾಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಈಗಲೂ ಹೇಳುತ್ತೇನೆ. ಅದನ್ನು ಮಾತ್ರ ಕೊಡಲಿಲ್ಲ.

ಗ್ರೀನ್‌ವಿಲ್ ದಾರಿಯಲ್ಲೇ ಇತ್ತು. ಭಾವ ಗರಾಜಿನಲ್ಲಿ ಕಾಯುತ್ತಿದ್ದರು. ‘ಹೋಯ್ತಾ?’ ಅಂದರು. ಹೋಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಆದರೆ ಚಾಕುವನ್ನು ಮೇಜಿನ ಮೇಲಿಟ್ಟೆ.

‘ಏನಂದ್ರು?’

‘ಮಷಿನ್‌ನದು ಅಂದ್ರು.’

ಅವರು ಆ ಮಾತನ್ನು ಬಾಯಲ್ಲಿಟ್ಟುಕೊಂಡವರಂತೆ ಕೂತರು. ‘ಕೇಳಿದ್ಯೇನೇ,’ ಎಂದು ಒಳಗೆ ಕೂಗಿದರು, ‘ಮಷಿನ್‌ನದು ಅಂದ್ರಂತೆ.’ ಒಳಗೆ ಪಾತ್ರೆಯ ಸದ್ದು ನಿಂತಿತು.

ಆಮೇಲೆ ಅವರು ಚಾಕುವನ್ನು ಎತ್ತಿ, ಹಿಡಿಯನ್ನು ನನ್ನ ಕಡೆಗೆ ಮಾಡಿ ಚಾಚಿದರು. ಅದು ಕುಣಿಯುತ್ತಿತ್ತು.

‘ಕೆಳಗಿಡಿ ಭಾವ. ಜಗಳ ಆಗತ್ತೆ.’

‘ಆಗ್ಲಿ. ಹಿಡ್ಕೋ.’

ನಾನು ಹಿಡಿದೆ. ಅವರು ಕೂಡಲೇ ಬಿಡಲಿಲ್ಲ. ಅವರ ಕೈಯ ನಡುಕ ಉಕ್ಕಿನಲ್ಲಿ ಹರಿದು ಮರದ ಹಿಡಿಗೆ, ಅಲ್ಲಿಂದ ನನ್ನ ಮೊಣಕೈಯವರೆಗೆ ಬಂತು. ಎಷ್ಟು ಕಾಲದಿಂದ ಅದನ್ನು ಒಬ್ಬರೇ ಹಿಡಿದುಕೊಂಡಿದ್ದರೋ.

ಬೇಸಿಗೆಯಲ್ಲಿ ಗರಾಜು ಖಾಲಿ ಮಾಡಿದೆವು. ಮಷಿನ್ ನೋಡಲು ಹತ್ತಿರದ ಊರಿನ ವರ್ಕ್‌ಷಾಪಿನವನೊಬ್ಬ ಬಂದ. ಈ ಮಷಿನ್ನಿಗೂ ಒಂದು ಆಯುಧಪೂಜೆ ಆಗಿತ್ತು. ಅದರ ಮೈಮೇಲಿನ ಕೆಂಪು ಕಲೆಯನ್ನು ಉಗುರಿನಲ್ಲಿ ಕೆರೆದು ತುಕ್ಕಾ ಎಂದು ಕೇಳಿದ. ಕುಂಕುಮವನ್ನು ಅವನಿಗೆ ಹೇಗೆ ವಿವರಿಸುವುದು, ಬಣ್ಣ ಎಂದೆ. ಚಕ್ರವನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟ. ಬೇರಿಂಗ್ ಹೇಗಿದೆ ಎಂದು ನನ್ನ ಮುಖ ನೋಡಿದ. ಮಾರುವವನ ಬಾಯಲ್ಲಿ ಸಿದ್ಧವಾಗಿರುವ ಉತ್ತರ ಬಿಟ್ಟು ನಾನು ಭಾವನ ಕಡೆ ನೋಡಿದೆ.

ಭಾವ ಬಾಗಿಲ ಬಳಿ ಕುರ್ಚಿಯಲ್ಲಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

‘ಬೇರಿಂಗ್‌ಗೆ ಏನೂ ಆಗಿಲ್ಲ,’ ಅಂದರು ಇಂಗ್ಲಿಷಿನಲ್ಲಿ. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ‘ಯಾವತ್ತೂ ಏನೂ ಆಗಿರಲಿಲ್ಲ.’

ಅವನು ಹೇಳಿದ ಬೆಲೆಗೇ ಒಪ್ಪಿ, ಮಷಿನ್ನನ್ನು ಅವನ ಟ್ರಕ್ಕಿಗೆ ಏರಿಸಿದೆ.